ನೈಟ್ ಶಿಫ್ಟ್‌ನವರು ಲಿಂಗಪೂಜೆ ಯಾವಾಗ ಮಾಡುತ್ತೀರಿ?

ಗದಗಿನ ಹುಡುಗಿ

ಎಲ್ಲರಿಗೂ ಶರಣು. ಬೆಂಗಳೂರಿನ ಒಂದು ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಡ್ಯೂಟಿ ವಾರಕ್ಕೊಮ್ಮೆ ತಿರುಗುತ್ತದೆ. ಯಾರಾದರೂ ರಜೆ ಹಾಕಿದರೆ ವಾರದ ನಡುವೆಯೇ ಬದಲಾಗುತ್ತದೆ. ಡಬಲ್ ಡ್ಯೂಟಿಯೂ ಬೀಳುತ್ತದೆ.

ಊರಲ್ಲಿದ್ದಾಗ ಇದರ ಯೋಚನೆಯೇ ಇರಲಿಲ್ಲ. ಅವ್ವ ಸ್ನಾನ ಮಾಡಿ ಬಂದು ಕೂರುತ್ತಿದ್ದಳು, ನಾವೂ ಪಕ್ಕದಲ್ಲಿ ಕೂರುತ್ತಿದ್ದೆವು. ಪೂಜೆ ಆಗೋವರೆಗೆ ಚಹಾ ಇಲ್ಲ. ಇಲ್ಲಿ ಪಿಜಿಯಲ್ಲಿ ಒಂದು ರೂಮಿಗೆ ಮೂರು ಮಂದಿ. ನಾನು ರಾತ್ರಿ ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ಉಳಿದಿಬ್ಬರು ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿರುತ್ತಾರೆ. ಒಬ್ಬಳ ಹೇರ್ ಡ್ರೈಯರ್, ಇನ್ನೊಬ್ಬಳ ಫೋನು. ನನಗೆ ನಿದ್ದೆ ಎಳೆಯುತ್ತಿರುತ್ತದೆ, ಹಸಿವೂ ಆಗಿರುತ್ತದೆ. ಆಗ ಪೂಜೆ ಮಾಡಿ ಮಲಗಬೇಕಾ, ಮಲಗಿ ಎದ್ದು ಮಾಡಬೇಕಾ? ಎದ್ದು ಮಾಡುವುದಾದರೆ ಮಧ್ಯಾಹ್ನ ಎರಡಾಗುತ್ತದೆ. ಅದು ಆ ದಿನದ ಪೂಜೆಯಾ, ಹಿಂದಿನ ದಿನದ್ದಾ? ನಗಬೇಡಿ, ನಿಜವಾಗಿಯೂ ತಲೆ ಕೆಟ್ಟಿದೆ.

ಬೇರೆ ಪದ್ಧತಿಯವರೂ ಹೇಳಬಹುದು. ಜಪ, ಧ್ಯಾನ, ನಮಾಝ್ ಏನೇ ಇರಲಿ, ಹೊತ್ತುಗೊತ್ತಿಲ್ಲದ ಕೆಲಸದಲ್ಲಿ ನೀವು ಹೇಗೆ ನಡೆಸಿಕೊಂಡು ಹೋಗುತ್ತಿದ್ದೀರಿ? "ಮನಸ್ಸಿದ್ದರೆ ಮಾರ್ಗ" ಅನ್ನುವ ಉತ್ತರ ಮಾತ್ರ ಬೇಡ. ಅದನ್ನು ಅತ್ತಿಗೆ ದಿನಾ ಹೇಳುತ್ತಾಳೆ.

ಮಲಪ್ರಭಾ ದಂಡೆ

ಶರಣು ತಂಗಿ. ನಾನು ನಿವೃತ್ತ ಮೇಷ್ಟ್ರು. ನನಗೆ ಈಗ ಹೊತ್ತಿಗೇನೂ ಬರವಿಲ್ಲ, ಹಾಗಾಗಿ ಸಲಹೆ ಕೊಡುವುದು ಸುಲಭ ಅಂತ ನೀವು ಅನ್ನಬಹುದು. ಆದರೂ ಹೇಳುತ್ತೇನೆ.

ಲಿಂಗಪೂಜೆ ಸೂರ್ಯನಿಗೆ ಕಟ್ಟಿದ್ದಲ್ಲ. ನಿಮ್ಮ ಅವ್ವನ ಕ್ರಮವನ್ನೇ ನೋಡಿ. ಸ್ನಾನ, ಪೂಜೆ, ಆಮೇಲೆ ಬಾಯಿಗೆ ಏನಾದರೂ. ಅದು ಬೆಳಿಗ್ಗೆ ಆರಕ್ಕೆ ಆಗುತ್ತಿತ್ತು ಯಾಕೆಂದರೆ ಅವರು ಐದಕ್ಕೆ ಏಳುತ್ತಿದ್ದರು. ನೀವು ಎರಡಕ್ಕೆ ಎದ್ದರೆ ನಿಮ್ಮ ಬೆಳಗು ಎರಡಕ್ಕೆ. ತ್ರಿಕಾಲ ಪೂಜೆ ಅನ್ನುವುದೂ ಇದೆ, ಮಠದಲ್ಲಿ ನಡೆಯುತ್ತದೆ. ಸಂಸಾರಸ್ಥರಲ್ಲಿ ಹೆಚ್ಚಿನವರು ಮಾಡುವುದು ಒಂದೇ ಹೊತ್ತು. ಯಾವ ದಿನದ ಲೆಕ್ಕ ಅನ್ನುವ ಚಿಂತೆ ಬಿಡಿ. ಲಗ್ನ, ಮುಹೂರ್ತ ಕೇಳುವವರಿಗೆ ಬಸವಣ್ಣನವರು ನಾಳೆಗಿಂತ ಇವತ್ತೇ ಲೇಸು ಅಂದವರು. ನಿಮ್ಮ ರೋಸ್ಟರ್ ನೋಡಿ ಅವರು ಬೇರೆ ಹೇಳುತ್ತಿದ್ದರಾ?

ನನ್ನ ಅಭಿಪ್ರಾಯ ಕೇಳಿದರೆ, ಮಲಗಿ ಎದ್ದು ಮಾಡಿ. ನಿದ್ದೆಗಣ್ಣಲ್ಲಿ ಲಿಂಗ ಹಿಡಿದು ಕೂತರೆ ದೃಷ್ಟಿ ನಿಲ್ಲುವುದಿಲ್ಲ. ಡ್ಯೂಟಿಯಿಂದ ಬಂದು ಹಸಿವಾಗಿದ್ದರೆ ತಿಂದು ಮಲಗಿ. ಅದು ಹಿಂದಿನ ಪೂಜೆಯ ಮೇಲಿನ ಊಟವೇ.

ಮಾಡುವುದಾದರೂ ಎಷ್ಟು? ವಿಭೂತಿಗೆ ನಾಲ್ಕು ಹನಿ ನೀರು ಹಾಕಿ ಮೂರು ಬೆರಳಿನಲ್ಲಿ ಹಣೆಗೆ ಹಚ್ಚಿ. ಲಿಂಗವನ್ನು ಎಡಗೈ ಮೇಲೆ ಇಟ್ಟುಕೊಳ್ಳಿ. ನೀರು, ವಿಭೂತಿ, ಪತ್ರೆ ಇದ್ದರೆ ಪತ್ರೆ, ಇಲ್ಲದಿದ್ದರೆ ಇಲ್ಲ. ಕಿಟಕಿಗೆ ಬೆನ್ನು ಹಾಕಿ ಕೂತರೆ ಲಿಂಗದ ಕರಿ ಮೈ ಮೇಲೆ ಬೆಳಕಿನ ಒಂದು ಚುಕ್ಕೆ ಬೀಳುತ್ತದೆ. ಅಂಗೈಯನ್ನು ಅತ್ತಿತ್ತ ಸ್ವಲ್ಪ ಓರೆ ಮಾಡಿದರೆ ಚುಕ್ಕೆ ಸರಿಯಾದ ಜಾಗಕ್ಕೆ ಬರುತ್ತದೆ. ಅದನ್ನು ನೋಡುತ್ತಾ ಓಂ ನಮಃ ಶಿವಾಯ. ಹದಿನೈದು ನಿಮಿಷ ಸಾಕು. ದೀಪ, ಧೂಪ, ಗಂಟೆ ಇರಲೇಬೇಕು ಅಂತೇನಿಲ್ಲ. ಪಿಜಿಯಲ್ಲಿ ಧೂಪ ಹಾಕಿದರೆ ಓನರ್ ಬಂದು ನಿಲ್ಲುತ್ತಾರೆ.

ಸಿಲ್ಕ್ ಬೋರ್ಡ್ ಸಿಗ್ನಲ್

ಅಕ್ಕಾ, ಇಷ್ಟೊಂದು ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ? ಕಾಯಕವೇ ಕೈಲಾಸ ಅಂತ ನಮ್ಮವರೇ ಹೇಳಿದ್ದಾರಲ್ಲ. ನೀವು ಆಸ್ಪತ್ರೆಯಲ್ಲಿ ರೋಗಿಗಳ ಸೇವೆ ಮಾಡುತ್ತಿದ್ದೀರಿ. ಅದಕ್ಕಿಂತ ದೊಡ್ಡ ಪೂಜೆ ಇನ್ನೇನು? ನಾನು ಲ್ಯಾಪ್‌ಟಾಪ್ ಓಪನ್ ಮಾಡುವುದನ್ನೇ ಪೂಜೆ ಅಂದುಕೊಂಡಿದ್ದೇನೆ. ಅಪ್ಪನಿಗೂ ಅದನ್ನೇ ಹೇಳುತ್ತೇನೆ.

ರೊಟ್ಟಿ ಬುತ್ತಿ

ತಮ್ಮಾ, ಲ್ಯಾಪ್‌ಟಾಪಿಗೆ ವಿಭೂತಿ ಹಚ್ಚುತ್ತೀಯಾ ಹೆಂಗೆ?

ಸಿಟ್ಟು ಮಾಡಿಕೊಳ್ಳಬೇಡ. ಆದರೆ ಈ ಮಾತನ್ನು ಎಲ್ಲರೂ ಅರ್ಧ ಹೇಳುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ಕಾಯಕವೇ ಕೈಲಾಸ ಅನ್ನುವುದು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ನಿರತನಾಗಿದ್ದರೆ ಗುರು ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಎದುರು ನಿಂತರೂ ಹಂಗು ಹರಿಯಬೇಕು ಅನ್ನುತ್ತಾನೆ ಅವನು. ನಿನ್ನ ಪರವಾಗಿಯೇ ಇದೆ ಅಲ್ವಾ? ಈಗ ಆ ಮನುಷ್ಯನ ಕಾಯಕ ಏನು ಅಂತ ನೋಡು. ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಗಂಡ ಹೆಂಡತಿ ಕಲ್ಯಾಣಕ್ಕೆ ಬಂದರು. ಶರಣರ ಮನೆ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು, ಅದರಲ್ಲಿ ದಾಸೋಹ ಮಾಡುವುದು. ಒಂದು ದಿನ ದಿನದ ಅಳತೆಗಿಂತ ಜಾಸ್ತಿ ಅಕ್ಕಿ ಆಯ್ದುಕೊಂಡು ಬಂದ. ಹೆಂಡತಿ ಲಕ್ಕಮ್ಮ ಒಳಗೇ ಇಟ್ಟುಕೊಳ್ಳಲಿಲ್ಲ. ಇಷ್ಟು ಅಕ್ಕಿಯ ಆಸೆ ನಿಮಗೇಕೆ ಅಂತ ಕೇಳಿದಳು. ನಮಗೆ ಎಂದಿನಷ್ಟೇ ಸಾಕು, ಉಳಿದದ್ದನ್ನು ಅಲ್ಲೇ ಸುರಿದು ಬನ್ನಿ ಅಂತ ಕಳಿಸಿದಳು.

ಅದೇ ಲಕ್ಕಮ್ಮ ಇನ್ನೊಂದು ವಚನದಲ್ಲಿ, ಕಾಯಕ ನಿಂತಿದೆ, ಬೇಗ ಹೋಗು ಮಾರಯ್ಯ ಅಂತ ಗಂಡನನ್ನು ಎಬ್ಬಿಸಿ ಕಳಿಸುತ್ತಾಳೆ. ಕೆಲಸ ಬಿಟ್ಟು ಕೂತರೂ ಬೈಗುಳ, ಬೇಕಾದ್ದಕ್ಕಿಂತ ಜಾಸ್ತಿ ತಂದರೂ ಬೈಗುಳ.

ನಾವು ಮಾರಯ್ಯನ ಮಾತು ಇಟ್ಟುಕೊಂಡೆವು, ಲಕ್ಕಮ್ಮನ ಮಾತು ಬಿಟ್ಟೆವು. ಅಳತೆ ಇದ್ದ ಕಾಯಕದ ಬಗ್ಗೆ ಹೇಳಿದ ಮಾತನ್ನು ಅಳತೆಯೇ ಇಲ್ಲದ ಕೆಲಸಕ್ಕೆ ಅಂಟಿಸುತ್ತೇವೆ. ರಾತ್ರಿ ಹನ್ನೊಂದಕ್ಕೆ ಮ್ಯಾನೇಜರ್ ಮೆಸೇಜಿಗೆ ಉತ್ತರ ಕೊಡುವುದೂ ಕೈಲಾಸ ಆಗಿಬಿಟ್ಟರೆ ಕಷ್ಟ.

ನಾನು ಕಲಬುರಗಿಯಲ್ಲಿ ರೊಟ್ಟಿ ಮಾಡಿ ಮಾರುತ್ತೇನೆ. ನಾಲ್ಕು ಹೆಣ್ಣುಮಕ್ಕಳು ನನ್ನ ಜೊತೆ ಇದ್ದಾರೆ. ಮದುವೆ ಸೀಸನ್‌ನಲ್ಲಿ ಬೆಳಗಿನ ಜಾವ ಮೂರಕ್ಕೇ ಒಲೆ ಹಚ್ಚಬೇಕು. ನನ್ನ ಪೂಜೆ ತಪ್ಪುತ್ತಿದ್ದದ್ದು ಕೆಲಸದಿಂದಲ್ಲ, ಬಂದ ಆರ್ಡರಿಗೆಲ್ಲ ಹೂಂ ಅನ್ನುತ್ತಿದ್ದುದರಿಂದ. ಈಗ ದಿನಕ್ಕೆ ಇಷ್ಟೇ ರೊಟ್ಟಿ ಅಂತ ಹಲಗೆ ಮೇಲೆ ಬರೆದು ತೂಗುಹಾಕಿದ್ದೇನೆ. ಅದಕ್ಕಿಂತ ಜಾಸ್ತಿ ಕೇಳಿದರೆ ಪಕ್ಕದ ಓಣಿಯವಳ ನಂಬರ್ ಕೊಡುತ್ತೇನೆ. ತಂಗಿ, ನಿನ್ನ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಪಿಜಿಯೂ ಅಲ್ಲ, ನೈಟ್ ಡ್ಯೂಟಿಯೂ ಅಲ್ಲ. ಆ ಡಬಲ್ ಡ್ಯೂಟಿ. ಅದು ಬೀಳುತ್ತದೋ, ನೀನೇ ಹಾಕಿಸಿಕೊಳ್ಳುತ್ತೀಯೋ?

ಸಿಲ್ಕ್ ಬೋರ್ಡ್ ಸಿಗ್ನಲ್

ಅಕ್ಕಾ, ಹೊಡೆತ ಜೋರಾಗಿಯೇ ಬಿತ್ತು 😄 ಆದರೆ ನನ್ನ ಕಡೆಗೂ ಒಬ್ಬ ಶರಣ ಇದ್ದಾನೆ. ನುಲಿಯ ಚಂದಯ್ಯ. ಹುಲ್ಲು ಕೊಯ್ಯುವಾಗ ಲಿಂಗ ಕಳಚಿ ನೀರಿಗೆ ಬಿತ್ತು, ಎತ್ತಿಕೊಳ್ಳದೆ ಹುಲ್ಲು ಹೊತ್ತು ಹೊರಟೇಬಿಟ್ಟ, ಲಿಂಗವೇ ಹಿಂದೆ ಬಂತು ಅಂತ ಕಥೆ ಇದೆಯಲ್ಲ? ಕೊನೆಗೆ ಆ ಲಿಂಗಕ್ಕೇ ಹಗ್ಗ ಮಾರುವ ಕೆಲಸ ಹಚ್ಚಿದ.

ಮತ್ತೆ ಆರ್ಡರ್ ಬೇಡ ಅನ್ನುವುದು ಸ್ವಂತ ವ್ಯಾಪಾರ ಇದ್ದವರಿಗೆ ಆಗುತ್ತದೆ. ಸಾಲದ ಕಂತು ಇರುವವನು ಬಾಸ್‌ಗೆ ಸಾಕು ಅನ್ನೋಕಾಗುತ್ತಾ?

ರೊಟ್ಟಿ ಬುತ್ತಿ

ಚಂದಯ್ಯನ ಕಥೆ ಚೆನ್ನಾಗಿ ನೆನಪಿಟ್ಟಿದ್ದೀಯ, ಶಭಾಷ್. ಆದರೆ ಕೊರಳಲ್ಲಿ ಲಿಂಗ ಇದ್ದದ್ದಕ್ಕೇ ಅದು ಬಿತ್ತು. ನಿನ್ನದು ಊರಲ್ಲಿ ಕಪಾಟಿನಲ್ಲಿ ಇದೆಯೇನೋ.

ಸಾಲದ ಕಂತಿನ ಮಾತು ಒಪ್ಪಿದೆ. ಎಲ್ಲರಿಗೂ ಆಗಲ್ಲ.

ಹ್ಯಾಂಬರ್ಗ್ ಮಳೆ

ಬೇರೆ ಪದ್ಧತಿಯವರೂ ಬರೆಯಿರಿ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನನ್ನದು ಸಂಧ್ಯಾವಂದನೆ. ಲಿಂಗಪೂಜೆ ಸೂರ್ಯನಿಗೆ ಕಟ್ಟಿದ್ದಲ್ಲ ಅಂತ ಮೇಷ್ಟ್ರು ಬರೆದದ್ದು ಓದಿ ಹೊಟ್ಟೆಕಿಚ್ಚಾಯಿತು. ನಮ್ಮದು ಪೂರ್ತಿ ಸೂರ್ಯನಿಗೇ ಕಟ್ಟಿದ್ದು. ಜರ್ಮನಿಯ ಈ ಊರಲ್ಲಿ ಜೂನ್‌ನಲ್ಲಿ ಸೂರ್ಯ ಹುಟ್ಟುವುದು ಐದಕ್ಕೂ ಮೊದಲು, ಮುಳುಗುವುದು ರಾತ್ರಿ ಹತ್ತರ ಹತ್ತಿರ. ಡಿಸೆಂಬರ್‌ನಲ್ಲಿ ಎಂಟೂವರೆಗೆ ಬಂದು ನಾಲ್ಕಕ್ಕೆಲ್ಲ ಹೊರಟುಬಿಡುತ್ತಾನೆ. ಹೊರಗೆ ಬೆಳಕು ಇರುವಷ್ಟು ಹೊತ್ತೂ ನಾನು ಆಫೀಸಿನಲ್ಲಿ. ಉಡುಪಿ ಕಡೆ ಇದ್ದಾಗ ಅಜ್ಜ ಕಲಿಸಿದ ವೇಳಾಪಟ್ಟಿ ಇಲ್ಲಿ ಯಾವ ತಿಂಗಳಿಗೂ ಹೊಂದುವುದಿಲ್ಲ.

ಆದರೆ ತಡವಾದವರನ್ನು ಪದ್ಧತಿಯೇ ಕೈಬಿಟ್ಟಿಲ್ಲ. ಕಾಲ ಮೀರಿದರೆ ಪ್ರಾಯಶ್ಚಿತ್ತ ಅಂತ ಒಂದು ಅರ್ಘ್ಯ ಜಾಸ್ತಿ ಬಿಟ್ಟು ಮುಂದುವರಿಯಬಹುದು. ಗಾಯತ್ರಿ 108 ಆಗದಿದ್ದರೆ 28, ಅದೂ ಆಗದಿದ್ದರೆ 10. ಚಿಕ್ಕವನಿದ್ದಾಗ ಇದು ಸೋಮಾರಿಗಳಿಗೆ ಮಾಡಿಕೊಟ್ಟ ದಾರಿ ಅನ್ನಿಸುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ಹತ್ತು ಗಾಯತ್ರಿಯ ದಿನಗಳು ಇರುವುದರಿಂದಲೇ ನೂರೆಂಟರ ದಿನಗಳೂ ಉಳಿದಿವೆ. ಮಾಧ್ಯಾಹ್ನಿಕವನ್ನು ಬೆಳಗಿನದರ ಜೊತೆಗೇ ಮುಗಿಸುತ್ತೇನೆ. ಸಂಜೆಯದು ಮನೆಗೆ ಬಂದು, ಶೂ ಬಿಚ್ಚಿ, ಕೈಕಾಲು ತೊಳೆದ ತಕ್ಷಣ. ಸೋಫಾ ಮೇಲೆ ಕೂತೆ ಅಂದರೆ ಆ ದಿನ ಮುಗಿಯಿತು.

ಪಂಚಪಾತ್ರೆ, ಉದ್ಧರಣೆ ಅಡುಗೆಮನೆಯ ಕಟ್ಟೆ ಮೇಲೆ ಎದುರಿಗೇ ಇಟ್ಟಿದ್ದೇನೆ. ಕಪಾಟಿನೊಳಗೆ ಇಟ್ಟಿದ್ದಾಗ ವಾರಗಟ್ಟಲೆ ಹೊರಗೆ ಬರುತ್ತಿರಲಿಲ್ಲ.

ಕುಡ್ಲದ ಗಾಡಿ

ಎಲ್ಲರಿಗೂ ನಮಸ್ಕಾರ. ನಾನು ಬ್ಯಾರಿ, ಮಂಗಳೂರಿನಿಂದ ಬೆಂಗಳೂರಿಗೆ ಮೀನಿನ ಗಾಡಿ ಓಡಿಸುತ್ತೇನೆ. ಸುಮಾರು 350 ಕಿಲೋಮೀಟರ್. ಮಳೆಗಾಲದಲ್ಲಿ ಶಿರಾಡಿ ಘಾಟಿ ಹೇಗಿರುತ್ತದೆ ಅಂತ ಗೊತ್ತಿದ್ದವರಿಗೆ ಗೊತ್ತು. ಐಸ್ ಕರಗುತ್ತಿರುತ್ತದೆ, ಪಾರ್ಟಿ ಫೋನ್ ಮೇಲೆ ಫೋನ್ ಮಾಡುತ್ತಿರುತ್ತಾನೆ.

ನಮ್ಮದು ಐದು ಹೊತ್ತು. ಆದರೆ ಹೊರಗಿನವರು ಅಂದುಕೊಂಡ ಹಾಗೆ ಬಾಂಗ್ ಕೇಳಿದ ನಿಮಿಷಕ್ಕೇ ಗಾಡಿ ನಿಲ್ಲಿಸಬೇಕು ಅಂತಿಲ್ಲ. ಒಂದೊಂದು ನಮಾಝಿಗೂ ಇಷ್ಟರಿಂದ ಇಷ್ಟರ ತನಕ ಅಂತ ಸಮಯ ಇದೆ. ಲುಹರ್ ಮಧ್ಯಾಹ್ನ ಶುರುವಾದರೆ ಇಳಿಹೊತ್ತಿನ ಅಸರ್ ಬರುವ ತನಕ ಮಾಡಬಹುದು. ಮತ್ತೆ ದೂರ ಪ್ರಯಾಣದಲ್ಲಿ ಇದ್ದವನಿಗೆ ರಿಯಾಯಿತಿ ಇದೆ. ನಾಲ್ಕು ರಕಅತ್, ಅಂದರೆ ನಾಲ್ಕು ಸುತ್ತಿನ ನಮಾಝನ್ನು ಎರಡು ಮಾಡಬಹುದು. ನಾವು ಶಾಫಿ ಕ್ರಮದವರು, ನಮ್ಮಲ್ಲಿ ಲುಹರ್ ಮತ್ತು ಅಸರ್ ಸೇರಿಸಿ ಒಟ್ಟಿಗೆ ಮಾಡುವುದಕ್ಕೂ ಅವಕಾಶ ಇದೆ. ಸಂಜೆಯ ಮಗ್ರಿಬ್, ರಾತ್ರಿಯ ಇಶಾ ಕೂಡ ಹಾಗೆಯೇ. ಬೆಳಗಿನ ಸುಬಹಿಯನ್ನು ಮಾತ್ರ ಯಾವುದರ ಜೊತೆಗೂ ಸೇರಿಸುವ ಹಾಗಿಲ್ಲ, ಎರಡು ರಕಅತ್‌ನದ್ದೇ ಆದ್ದರಿಂದ ಕಡಿಮೆ ಮಾಡುವುದಕ್ಕೂ ಇಲ್ಲ. ಸೂರ್ಯ ಹುಟ್ಟುವುದಕ್ಕೆ ಮೊದಲು ಆಗಬೇಕು. ಸಕಲೇಶಪುರ ದಾಟಿದ ಮೇಲೆ ಒಂದು ಹೋಟೆಲ್ ಹಿಂದೆ ನಳ್ಳಿ ಇದೆ. ಅಲ್ಲಿ ಕೈಕಾಲು ಮುಖ ತೊಳೆದು ವುಝೂ ಮಾಡಿ, ಗಾಡಿಯ ಎಡಬದಿಯಲ್ಲಿ ಚಾಪೆ ಹಾಕುತ್ತೇನೆ. ಆ ಹೋಟೆಲಿನ ಯಜಮಾನರು ಗೌಡರು. ನಾನು ಬರುವುದು ತಡವಾದರೆ, ಇವತ್ತು ಘಾಟಿ ಜಾಮ್ ಇತ್ತಾ ಅಂತ ಅವರೇ ಕೇಳುತ್ತಾರೆ.

ತಂಗಿಗೆ ನಾನು ಹೇಳುವುದು ಇಷ್ಟೇ. ನಿಯಮ ಸಡಿಲ ಮಾಡಬೇಕು ಅನ್ನಿಸಿದಾಗ ಮೊದಲು ನಿಯಮವನ್ನು ಪೂರ್ತಿ ಕೇಳಿಕೊಳ್ಳಿ. ಸಡಿಲ ಎಷ್ಟು ಅಂತ ಅದರಲ್ಲೇ ಬರೆದಿರುತ್ತದೆ. ನಮ್ಮ ಹುಡುಗರು ರಿಯಾಯಿತಿ ಇರುವುದೇ ಗೊತ್ತಿಲ್ಲದೆ, ಆಗಲ್ಲ ಅಂತ ಪೂರ್ತಿ ಬಿಟ್ಟುಬಿಡುತ್ತಾರೆ.

ಮಲಪ್ರಭಾ ದಂಡೆ

ಗಾಡಿ ಸಾಹೇಬರೇ, ಲಾಖ್ ರೂಪಾಯಿ ಮಾತು.

ತುಮಕೂರು ರಸ್ತೆ

ಇಲ್ಲಿ ಎಲ್ಲರೂ ಕಡಿಮೆ ಮಾಡುವ ದಾರಿಯನ್ನೇ ಹೇಳುತ್ತಿದ್ದೀರಿ. ಸ್ವಲ್ಪ ಅಪಸ್ವರ ಎತ್ತುತ್ತೇನೆ.

ನಾನು ವಿಪಶ್ಯನ ಧ್ಯಾನ ಮಾಡುವವನು. ಗೋಯೆಂಕಾ ಅವರ ಪರಂಪರೆ. ಇಲ್ಲಿ ಬೆಂಗಳೂರಿನ ಹೊರಗೆ ಆಲೂರಿನ ಹತ್ತಿರ ಧಮ್ಮ ಪಫುಲ್ಲ ಕೇಂದ್ರ ಇದೆಯಲ್ಲ, ಅಲ್ಲಿ ಹತ್ತು ದಿನದ ಶಿಬಿರ ಮಾಡಿದೆ. ಬೆಳಿಗ್ಗೆ ನಾಲ್ಕಕ್ಕೆ ಗಂಟೆ, ಮಾತಿಲ್ಲ, ಫೋನಿಲ್ಲ. ಮುಗಿಸಿ ಹೊರಡುವಾಗ ಹೇಳುತ್ತಾರೆ, ಮನೆಯಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಿ ಅಂತ. ಕೇಳಿದಾಗ ಸುಲಭ ಅನ್ನಿಸುತ್ತದೆ. ಮನೆಗೆ ಬಂದು ವಾಷಿಂಗ್ ಮಷೀನ್ ಶಬ್ದ ಕೇಳಿದ ಮೇಲೆ ಗೊತ್ತಾಗುತ್ತದೆ. ನನ್ನ ಜೊತೆ ಶಿಬಿರ ಮಾಡಿದವರಲ್ಲಿ ನನಗೆ ಪರಿಚಯ ಇರುವವರೆಲ್ಲ ಈಗ ಬಿಟ್ಟಿದ್ದಾರೆ.

ಆದರೂ ಹದಿನೈದು ನಿಮಿಷ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮನಸ್ಸು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಹದಿನೈದು ನಿಮಿಷ ಆಗಿಬಿಡುತ್ತದೆ. ಮೊದಲ ಇಪ್ಪತ್ತು ನಿಮಿಷ ನನಗೆ ಆಫೀಸಿನ ಮೇಲ್, ಮಗಳ ಫೀಸು, ಗ್ಯಾಸ್ ಬುಕ್ ಮಾಡಿದೆನಾ ಇದೇ. ಆಮೇಲೆ ಉಸಿರು ಸಿಗುತ್ತದೆ. ಬೆಳಗಿನ ಒಂದು ಗಂಟೆ ನಾನು ಬಿಟ್ಟಿಲ್ಲ. ಸಂಜೆಯದನ್ನು ಬಿಟ್ಟಿದ್ದೇನೆ, ಮುಚ್ಚಿಡುವುದೇನೂ ಇಲ್ಲ. ಎರಡೂ ಹೊತ್ತು ಅರ್ಧರ್ಧ ಮಾಡುವುದಕ್ಕಿಂತ ಒಂದನ್ನೇ ಪೂರ್ತಿ ಮಾಡುವುದು ನನಗೆ ಸರಿ ಅನ್ನಿಸಿತು. ಗುರುಗಳು ಒಪ್ಪುತ್ತಾರೆ ಅಂತ ನಾನು ಹೇಳುತ್ತಿಲ್ಲ.

ಹ್ಯಾಂಬರ್ಗ್ ಮಳೆ

ಇಪ್ಪತ್ತು ನಿಮಿಷ ಗ್ಯಾಸ್ ಬುಕಿಂಗ್ ಯೋಚನೆ ನಿಜ, ನಿಜ. ಆದರೆ ನಮ್ಮಲ್ಲಿ ಕೈಗೆ ಕೆಲಸ ಇರುತ್ತದೆ. ನೀರು, ಅರ್ಘ್ಯ, ಬೆರಳೆಣಿಕೆ. ಮನಸ್ಸು ಓಡಿದರೂ ಕೈ ಎಳೆದು ತರುತ್ತದೆ. ಸುಮ್ನೆ ಕೂರುವುದಕ್ಕೆ ಜಾಸ್ತಿ ಸಮಯ ಬೇಕು ಅಂತ ಕಾಣುತ್ತದೆ. ಎರಡಕ್ಕೂ ಒಂದೇ ಗಡಿಯಾರ ಇಡಬಾರದು.

ಪಾವಗಡ ಬಿಸಿಲು

ಒಂದು ಆ್ಯಪ್ ಇದೆ. ದಿನಾ ಮಾಡಿದರೆ ಹಸಿರು ಚುಕ್ಕೆ ಬೀಳುತ್ತದೆ. ಒಂದು ದಿನವೂ ತಪ್ಪದ ಹಾಗೆ ಸರಣಿ ಉಳಿಸಿಕೊಂಡು ಹೋಗಬೇಕು. ನನಗಂತೂ ಉಪಯೋಗ ಆಗಿದೆ. ಬೇಕಾದವರು ಕೇಳಿ, ಹೆಸರು ಹೇಳುತ್ತೇನೆ.

ರೊಟ್ಟಿ ಬುತ್ತಿ

ತಪ್ಪಿದ ದಿನ ಏನಾಗುತ್ತದೆ?

ಪಾವಗಡ ಬಿಸಿಲು

ಸೊನ್ನೆಗೆ ಬರುತ್ತದೆ. ಮತ್ತೆ ಮೊದಲಿನಿಂದ.

ರೊಟ್ಟಿ ಬುತ್ತಿ

ಹಂಗಾದರೆ ಬೇಡಪ್ಪ. ನಮ್ಮ ಅತ್ತೆಯೇ ವಾಸಿ. ತಪ್ಪಿದರೆ ಮಾರನೇ ದಿನ ಮರೆಯುತ್ತಿದ್ದರು.

ಗದಗಿನ ಹುಡುಗಿ

ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಇಂದಿನ ಡ್ಯೂಟಿಯಲ್ಲಿ ಬ್ರೇಕ್ ಸಿಕ್ಕಾಗಲೆಲ್ಲ ಓದುತ್ತಿದ್ದೆ.

ಅಕ್ಕ ಕೇಳಿದ ಪ್ರಶ್ನೆಗೆ ಉತ್ತರ. ಡಬಲ್ ಡ್ಯೂಟಿ ಅರ್ಧ ಬೀಳುತ್ತದೆ, ಅರ್ಧ ನಾನೇ ತೆಗೆದುಕೊಳ್ಳುತ್ತೇನೆ. ದುಡ್ಡು ಬರುತ್ತದೆ, ತಮ್ಮನ ಕಾಲೇಜು ಇದೆ. ಹಾಗಾಗಿ ಪೂರ್ತಿ ಬಿಡೋಕಾಗಲ್ಲ. ನೈಟ್ ಇರುವ ವಾರದಲ್ಲಿ ಮಾತ್ರ ತೆಗೆದುಕೊಳ್ಳುವುದಿಲ್ಲ ಅಂತ ಇನ್‌ಚಾರ್ಜ್‌ಗೆ ಹೇಳಿ ನೋಡುತ್ತೇನೆ. ಸಿಲ್ಕ್ ಬೋರ್ಡ್ ಅಣ್ಣ ಹೇಳಿದ್ದೂ ಸುಳ್ಳಲ್ಲ. ಯಾರಿಗೋ ಭಯದಲ್ಲಿ ಕೈ ನಡುಗುತ್ತಿರುತ್ತದೆ. ಅವರನ್ನು ಮಷೀನ್ ಒಳಗೆ ಮಲಗಿಸುವ ಮೊದಲು ಒಂದು ನಿಮಿಷ ಕೈ ಹಿಡಿದು ಮಾತಾಡಿಸುವುದು ಪೂಜೆಯೇ ಅಂತ ನನಗೂ ಅನ್ನಿಸುತ್ತದೆ. ಆದರೆ ಅದರ ಮೇಲೆ ಇದೂ ಬೇಕು.

ಇನ್ನೆರಡು ತೊಡಕು. ಒಂದು, ನಮ್ಮ ಎಂಆರ್‌ಐ ರೂಮಿನೊಳಗೆ ಲೋಹದ್ದು ಏನೂ ಹಾಕಿಕೊಂಡು ಹೋಗುವ ಹಾಗಿಲ್ಲ. ಸ್ಕ್ಯಾನ್ ನಡೆಯದಿದ್ದಾಗಲೂ ಮ್ಯಾಗ್ನೆಟ್ ಆನ್ ಇರುತ್ತದೆ, ಅದು 1.5 ಟೆಸ್ಲಾದ್ದು. ಸಿಟಿ ರೂಮಿನಲ್ಲಿ ಈ ತೊಂದರೆ ಇಲ್ಲ. ಲಿಂಗ ಇಡುವ ನನ್ನ ಕರಡಿಗೆ ಬೆಳ್ಳಿಯದು, ಕೊಂಡಿ ಯಾವುದರದ್ದೋ ಗೊತ್ತಿಲ್ಲ. ಹಾಗಾಗಿ ಲಾಕರ್‌ನಲ್ಲಿ ಇಟ್ಟು ಹೋಗುತ್ತೇನೆ. ಲಿಂಗವನ್ನು ಮೈಮೇಲಿಂದ ತೆಗೆದಿಡುವುದು ಮನಸ್ಸಿಗೆ ಹಿಂಸೆ. ಎರಡನೆಯದು, ತಿಂಗಳ ಆ ದಿನಗಳಲ್ಲಿ ಪೂಜೆ ಮಾಡಬೇಡ ಅಂತ ಅತ್ತಿಗೆ ಹೇಳುತ್ತಾಳೆ. ಅವ್ವ ಹಾಗೆ ಹೇಳಿದ್ದು ನೆನಪಿಲ್ಲ.

ರೊಟ್ಟಿ ಬುತ್ತಿ

ಎರಡನೆಯದಕ್ಕೆ ನಾನು ಉತ್ತರ ಕೊಡುತ್ತೇನೆ. ಅವ್ವ ಹೇಳಿರಲಿಲ್ಲ ಅಂದರೆ ಅವ್ವನೇ ಸರಿ. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ, ಈ ಐದೂ ಸೂತಕ ಲಿಂಗ ಕಟ್ಟಿದವರಿಗೆ ಇಲ್ಲ. ಇದು ಹೊಸ ಕಾಲದವರು ಸೇರಿಸಿದ್ದಲ್ಲ, ಶರಣರ ಕಾಲದ್ದೇ. ಈಗ ಸುತ್ತಮುತ್ತಲಿನವರನ್ನು ನೋಡಿ ನಮ್ಮ ಮನೆಗಳಲ್ಲೂ ಹೊರಗೆ ಕೂರಿಸುವುದು ಶುರುವಾಗಿದೆ. ಹೊಟ್ಟೆನೋವಿದ್ದು ಕೂರೋಕಾಗದಿದ್ದರೆ ಬೇರೆ ಮಾತು. ಅತ್ತಿಗೆ ಜೊತೆ ಜಗಳ ಬೇಡ, ಮೇಷ್ಟ್ರ ಹತ್ತಿರ ಫೋನ್ ಮಾಡಿಸು 😄

ಮಲಪ್ರಭಾ ದಂಡೆ

ನನ್ನನ್ನು ಅತ್ತಿಗೆ ನಾದಿನಿ ನಡುವೆ ಎಳೆಯಬೇಡಿ ತಾಯಿ. ಆದರೆ ಅವರು ಹೇಳಿದ್ದು ಸರಿ.

ಮೊದಲನೆಯದಕ್ಕೆ ದಾರಿ ಇದೆ. ಕರಡಿಗೆ ಇರಲೇಬೇಕು ಅಂತಿಲ್ಲ. ಹಿಂದಿನವರಲ್ಲಿ ಎಷ್ಟೋ ಮಂದಿ ಬಟ್ಟೆಯಲ್ಲೇ ಕಟ್ಟಿಕೊಳ್ಳುತ್ತಿದ್ದರು, ಈಗಲೂ ಹಳ್ಳಿ ಕಡೆ ಇದ್ದಾರೆ. ಕೊರಳಲ್ಲೇ ಇರಬೇಕು ಅಂತಲೂ ಇಲ್ಲ. ತಲೆ, ಕಂಕುಳು, ಎದೆ, ತೋಳು ಎಲ್ಲ ನಡೆಯುತ್ತದೆ, ಹೊಕ್ಕಳಿಗಿಂತ ಕೆಳಗೆ ಮಾತ್ರ ಬೇಡ. ನಿಮ್ಮ ಯೂನಿಫಾರಂ ಒಳಗೆ ತೋಳಿಗೆ ಕಟ್ಟಿದರೆ ಬಗ್ಗಿದಾಗ ಜೋತಾಡುವುದೂ ಇಲ್ಲ. ಆದರೆ ಲಿಂಗದ ಮೇಲಿನ ಲೇಪದಲ್ಲಿ ಏನಿದೆ ಅಂತ ಮಾಡಿದವರಿಗಷ್ಟೇ ಗೊತ್ತು. ನಿಮ್ಮಲ್ಲಿ ಸುರಕ್ಷತೆ ನೋಡಿಕೊಳ್ಳುವವರಿಗೆ ಮೊದಲು ತೋರಿಸಿ. ಅವರು ಸರಿ ಅಂದರೆ ಮಾತ್ರ ಒಳಗೆ. ಬೇಡ ಅಂದರೆ ಲಾಕರ್‌ನಲ್ಲೇ ಇರಲಿ, ಹೊರಗೆ ಬಂದ ತಕ್ಷಣ ಕಟ್ಟಿಕೊಳ್ಳಿ. ಮಲಗಿದ ರೋಗಿಯ ಪ್ರಾಣದ ವಿಷಯದಲ್ಲಿ ವಾದ ಮಾಡಬಾರದು.

ಗದಗಿನ ಹುಡುಗಿ

ಸೇಫ್ಟಿ ಆಫೀಸರ್‌ಗೆ ನಾಳೆಯೇ ತೋರಿಸುತ್ತೇನೆ. ಬಟ್ಟೆ ಯಾವುದಾದರೂ ಆಗುತ್ತದಾ?

ಮಲಪ್ರಭಾ ದಂಡೆ

ಬಿಳಿ ಕಾಟನ್, ನಾಲ್ಕೈದು ಸಲ ಒಗೆದದ್ದು. ಹೊಸ ಬಟ್ಟೆಗೆ ಗಂಜಿ ಇರುತ್ತದೆ, ಗಂಟು ಬಿಗಿಯಾಗಿ ಕೂರುವುದಿಲ್ಲ. ನೈಲಾನ್ ಬೇಡವೇ ಬೇಡ, ಜಾರುತ್ತದೆ. ಬೆವರಿಗೆ ಒದ್ದೆಯಾಗುತ್ತದೆ, ಎರಡು ಇಟ್ಟುಕೊಂಡರೆ ದಿನಕ್ಕೊಂದು ಬದಲಾಯಿಸಬಹುದು. ವಿಭೂತಿ ಗಟ್ಟಿ ಇದೆಯಾ? ಬಾದಾಮಿ ಕಡೆಯವರು ಯಾರಾದರೂ ಬರುವುದಿದ್ದರೆ ಶಿವಯೋಗಮಂದಿರದ್ದು ತರಿಸಿ. ಅಂಗಡಿಯ ಬಣ್ಣದ ಪುಡಿಗೆ ಹಣೆ ತುರಿಸುತ್ತದೆ.

ಗದಗಿನ ಹುಡುಗಿ

ಅಣ್ಣ ಶನಿವಾರ ಬರುತ್ತಿದ್ದಾನೆ. ಅವ್ವನ ಹಳೇ ಸೀರೆಯ ಬಟ್ಟೆಯಲ್ಲಿ ಎರಡು ಹೊಲಿದು ಕಳಿಸಲು ಹೇಳುತ್ತೇನೆ, ವಿಭೂತಿಯೂ ಬರುತ್ತದೆ. ಗಾಡಿ ಅಣ್ಣಾ, ಆ ಹೋಟೆಲ್ ಸಕಲೇಶಪುರ ದಾಟಿ ಎಷ್ಟು ದೂರ? ಮುಂದಿನ ತಿಂಗಳು ಧರ್ಮಸ್ಥಳಕ್ಕೆ ಹೋಗುವವರಿದ್ದೇವೆ.

ಕುಡ್ಲದ ಗಾಡಿ

ಬೆಂಗಳೂರಿನಿಂದ ಬರುವಾಗ ಸಕಲೇಶಪುರಕ್ಕೆ ಮೊದಲೇ, ಬಲಗಡೆ. ಲಾರಿಗಳು ನಿಂತಿರುತ್ತವೆ, ಗೊತ್ತಾಗುತ್ತದೆ. ಕಡುಬು ಬೆಳಿಗ್ಗೆ ಒಂಬತ್ತರೊಳಗೆ ಖಾಲಿ. ಬೇಗ ಹೊರಡಿ.